ಪ್ರೆಶರ್ ಪಂಪು ಸೋಲಾರ್‌ನ ಹಿಂದೋ, ಮುಂದೋ?

ಹಾವೇರಿಯ ಗುತ್ತಲ ರಸ್ತೆಯ ಕಡೆ, ರಾಣೇಬೆನ್ನೂರಿನ ಮೇಡ್ಲೇರಿ ರಸ್ತೆಯ ಕಡೆ, ಬ್ಯಾಡಗಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಮನೆ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ, ನೀರೂ ಚೆನ್ನಾಗಿ ಕಾಯುತ್ತದೆ, ಆದರೆ ಶವರ್ ತಿರುಗಿಸಿದರೆ ನೀರು ಬೀಸಾಗಿ ಬರುವುದಿಲ್ಲ, ಪ್ರೆಶರ್ ಪಂಪು ಕೂರಿಸಿ ಎನ್ನುತ್ತಾರೆ, ಅದನ್ನು ಎಲ್ಲಿ ಕೂರಿಸಬೇಕು? ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಜಾಗ ಇದ್ದಲ್ಲಿ ಕೂರಿಸಿ ಎಂಬುದು. ಜಾಗ ಇರುವುದು ತಾರಸಿಯಲ್ಲಿ, ನೀರಿನ ಟಾಕಿಯ ಬುಡದಲ್ಲಿ. ಅಲ್ಲಿ ಕೂರಿಸಿದ ಪಂಪು ಟಾಕಿಯಿಂದ ತಣ್ಣೀರು ಎಳೆದು ಸೋಲಾರ್‌ಗೆ ತಳ್ಳುತ್ತದೆ, ಸೋಲಾರ್‌ನಿಂದ ಬಿಸಿನೀರು ಬಚ್ಚಲಿಗೆ ಜೋರಾಗಿ ಇಳಿಯುತ್ತದೆ. ಮೊದಲ ದಿನ ಎಲ್ಲರಿಗೂ ಸಂತೋಷ. ಆದರೆ ನಮ್ಮ ಮನೆಗಳ ಮೇಲಿರುವ ಬಹುಪಾಲು ಸೋಲಾರ್‌ಗಳಿಗೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಪಂಪು ಬೇಕೇ ಬೇಕೆಂದರೆ ಅದು ಸೋಲಾರ್‌ನ ಮುಂದೆ, ಅಂದರೆ ಸೋಲಾರ್‌ಗೂ ಬಚ್ಚಲಿಗೂ ನಡುವೆ ಇರಬೇಕು. ಟಾಕಿಗೂ ಸೋಲಾರ್‌ಗೂ ನಡುವೆ, ಹಿಂದುಗಡೆ, ಇರಕೂಡದು. ಹೀಗೇಕೆ ಹೇಳುತ್ತೇನೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಕಾರಣ ಗೊತ್ತಿಲ್ಲದೆ ನಿಯಮವನ್ನಷ್ಟೇ ಹೇಳಿದರೆ ಪ್ಲಂಬರ್ ಮುಂದೆ ನಿಂತು ವಾದಿಸುವ ಧೈರ್ಯ ಮನೆಯವರಿಗೆ ಬರುವುದಿಲ್ಲ.

ಮೊದಲು ಈ ಸೋಲಾರ್ ಎಂಥ ಯಂತ್ರ ಎಂಬುದನ್ನು ನೋಡೋಣ. ಹಿಂದೆ ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ ಇರುತ್ತಿತ್ತು. ಹತ್ತಿಕಟ್ಟಿಗೆ, ಗೋವಿನಜೋಳದ ದಂಟು ಹಾಕಿ ಉರಿಸಿದರೆ ನೀರು ಕಾಯುತ್ತಿತ್ತು. ಹಂಡೆಯ ಬಾಯಿ ತೆರೆದೇ ಇರುವುದರಿಂದ ನೀರು ಕಾದು ಉಬ್ಬಿದರೂ, ಕುದ್ದು ಆವಿಯಾದರೂ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. 2007ರಲ್ಲಿ ರಾಜ್ಯ ಸರ್ಕಾರ ಕೆಲವು ಬಗೆಯ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಬೇರು ಬಿಟ್ಟಿದ್ದ ಈ ಯಂತ್ರ ನಮ್ಮ ಕಡೆಯ ತಾರಸಿಗಳಿಗೂ ಹಬ್ಬಿತು. ಹಬ್ಬಿದ್ದು ಒಳ್ಳೆಯದೇ ಆಯಿತು. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ಕರೆಂಟು ಬೇಕು. ಮಳೆಗಾಲದ ಮೋಡದ ದಿನಗಳನ್ನು ಬಿಟ್ಟರೆ ಅಷ್ಟನ್ನೂ ಬಿಸಿಲೇ ಕೊಡುತ್ತದೆ. ಇದರಲ್ಲಿ ನೀರು ತಿರುಗಿಸಲು ಮೋಟಾರು ಬೇಕಿಲ್ಲ. ಗಾಜಿನ ಕೊಳವೆಯಲ್ಲಿ ಕಾದ ನೀರು ಹಗುರಾಗಿ ಮೇಲಿನ ಡ್ರಮ್ಮಿಗೆ ಏರುತ್ತದೆ, ಡ್ರಮ್ಮಿನ ತಣ್ಣೀರು ಭಾರವಾಗಿ ಕೊಳವೆಗೆ ಇಳಿಯುತ್ತದೆ. ಸೂರ್ಯ ಇರುವ ತನಕ ಈ ಏರಿಳಿತ ತಾನಾಗಿ ನಡೆಯುತ್ತದೆ. ಡ್ರಮ್ಮಿಗೆ ನೀರು ತುಂಬುವುದೂ ತಾನಾಗಿಯೇ, ಅದಕ್ಕಿಂತ ಎತ್ತರದಲ್ಲಿರುವ ಟಾಕಿಯಿಂದ. ಒಟ್ಟಿನಲ್ಲಿ ಎತ್ತರದ ವ್ಯತ್ಯಾಸವೊಂದನ್ನೇ ನಂಬಿ ಬದುಕುವ, ಒತ್ತಡ ತಾಳಲೆಂದು ಕಟ್ಟಿಲ್ಲದ ಯಂತ್ರ ಇದು.

ಈಗ ಉಬ್ಬುವ ನೀರಿನ ವಿಷಯ. ನೀರು 25 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ನೂರಕ್ಕೆ ಎರಡೂವರೆ ಪಾಲಿನಷ್ಟು ಹಿಗ್ಗುತ್ತದೆ. 200 ಲೀಟರಿನ ಸೋಲಾರ್‌ನಲ್ಲಿ ಅದು 5 ಲೀಟರ್, ಹೆಚ್ಚುಕಡಿಮೆ ಅರ್ಧ ಕೊಡ ಎನ್ನಿ. ಏಪ್ರಿಲ್ ತಿಂಗಳಲ್ಲಿ ಬಿಸಿಲು ಜೋರು, ಬಿಸಿನೀರಿನ ಬಳಕೆ ಕಡಿಮೆ. ಮನೆಯವರು ಎರಡು ದಿನ ಊರಿಗೆ ಹೋದರಂತೂ ಡ್ರಮ್ಮಿನ ನೀರು ಕುದಿಯುವ ಹಂತಕ್ಕೇ ಬರುತ್ತದೆ. ನೀರನ್ನು ಹಿಸುಕಿ ಚಿಕ್ಕದು ಮಾಡಲು ಆಗುವುದಿಲ್ಲ. ಹಾಗಾಗಿ ಆ 5 ಲೀಟರ್ ಎಲ್ಲಿಗಾದರೂ ಹೋಗಲೇಬೇಕು. ಹೋಗಲು ದಾರಿ ಎರಡು. ಒಂದು, ತಣ್ಣೀರು ಬಂದ ಪೈಪಿನಲ್ಲೇ ಹಿಂದಕ್ಕೆ ಸರಿದು ಟಾಕಿಗೆ ಸೇರುವುದು. ಇನ್ನೊಂದು, ಡ್ರಮ್ಮಿನ ನೆತ್ತಿಯಿಂದ ಮೇಲಕ್ಕೆದ್ದು ಟಾಕಿಯ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಬಾಗಿ ನಿಂತಿರುವ ಏರ್ ವೆಂಟ್ ಪೈಪು. ಬಿಸಿನೀರು ಟಾಕಿಗೆ ವಾಪಸು ಹೋಗದಿರಲೆಂದು ತಣ್ಣೀರಿನ ಪೈಪಿಗೆ ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವು, ಹಾಕಿದ್ದರೆ ಮೊದಲ ದಾರಿ ಮುಚ್ಚಿತು, ವೆಂಟ್ ಒಂದೇ ಉಳಿಯಿತು. ಯಾವ ದಾರಿಯಾದರೂ ಅರ್ಥ ಒಂದೇ: ನಮ್ಮ ಮನೆಗಳಲ್ಲಿ ಹಿಗ್ಗಿದ ನೀರಿಗೆ ಎಡೆ ಕೊಡುವ ಪಾತ್ರೆ ಬೇರೆ ಇಲ್ಲ, ಬಾಯಿ ತೆರೆದ ಆ ಟಾಕಿ ಮತ್ತು ಆ ವೆಂಟ್ ಪೈಪುಗಳೇ ಆ ಪಾತ್ರೆ. ಇದನ್ನು ಒಪ್ಪಿಕೊಂಡರೆ ಪಂಪಿನ ಜಾಗದ ಪ್ರಶ್ನೆ ಅರ್ಧ ಬಗೆಹರಿದ ಹಾಗೆ.

ಉಳಿದರ್ಧಕ್ಕೆ ಚಳಿದೇಶಗಳ ಮನೆಗಳನ್ನು ನೋಡಬೇಕು. ಅಲ್ಲಿ ಮನೆ ಬೆಚ್ಚಗಿಡಲು ಬಾಯ್ಲರಿನಲ್ಲಿ ಕಾಯಿಸಿದ ನೀರನ್ನು ಪಂಪಿನಿಂದ ಕೋಣೆ ಕೋಣೆಗೆ ತಿರುಗಿಸುತ್ತಾರೆ. ನೀರು ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುವುದರಿಂದ ಹಿಗ್ಗಿದ ನೀರನ್ನು ತೆಗೆದುಕೊಳ್ಳಲು ಒಂದು ಎಕ್ಸ್‌ಪ್ಯಾನ್ಶನ್ ಟ್ಯಾಂಕು, ಒಳಗೆ ರಬ್ಬರಿನ ಪರದೆಯ ಒಂದು ಬದಿ ಗಾಳಿ, ಇನ್ನೊಂದು ಬದಿ ನೀರು ಇರುವಂಥದ್ದು, ಜೋಡಿಸಿರುತ್ತಾರೆ. ಅಲ್ಲಿನ ಕೆಲಸಗಾರರು ಬಹುಕಾಲದಿಂದ ಪಾಲಿಸುವ ಒಂದು ಸೂತ್ರವಿದೆ. ಆ ಟ್ಯಾಂಕು ಪೈಪಿಗೆ ಸೇರುವ ಬಿಂದುವಿನಲ್ಲಿ ಪಂಪು ಏನೇ ಮಾಡಿದರೂ ಒತ್ತಡ ಬದಲಾಗುವುದಿಲ್ಲ, ಏಕೆಂದರೆ ಅಲ್ಲಿನ ಒತ್ತಡವನ್ನು ತೀರ್ಮಾನಿಸುವುದು ಟ್ಯಾಂಕಿನೊಳಗಿನ ಗಾಳಿ. ಟ್ಯಾಂಕಿಗೆ ಹೊಸ ನೀರು ಸೇರದೆ, ಇದ್ದ ನೀರು ಹೊರಬಾರದೆ ಆ ಗಾಳಿ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಪಂಪು ತನ್ನ ಮುಂದಿನ ಒತ್ತಡವನ್ನು ಏರಿಸುತ್ತದೆ, ಹಿಂದಿನದನ್ನು ಇಳಿಸುತ್ತದೆ. ಹಾಗಾಗಿ ಟ್ಯಾಂಕು ಪಂಪಿನ ಹಿಂಬದಿಯಲ್ಲಿ, ಅಂದರೆ ಪಂಪು ನೀರು ಎಳೆದುಕೊಳ್ಳುವ ಬದಿಯಲ್ಲಿ ಇರಬೇಕು. ಪಂಪು ಅದಕ್ಕೆ ಬೆನ್ನು ಹಾಕಿ ನೀರು ತಳ್ಳಬೇಕು. ತಿರುವುಮುರುವು ಮಾಡಿದರೆ ಪೈಪಿನ ಎತ್ತರದ ಭಾಗಗಳಲ್ಲಿ ಒತ್ತಡ ಇಳಿದು ಗಾಳಿ ಸೇರಿಕೊಳ್ಳುತ್ತದೆ, ಪೈಪು ಗುರುಗುಟ್ಟುತ್ತದೆ. ನಮ್ಮ ಸೋಲಾರ್‌ನಲ್ಲಿ ನೀರು ಸುತ್ತುವುದಿಲ್ಲ, ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ; ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಸೂತ್ರದ ಒಳತಿರುಳು ಇಲ್ಲಿಗೂ ಸಲ್ಲುತ್ತದೆ. ಒತ್ತಡ ಬದಲಾಗದ ಜಾಗ ಯಾವುದೆಂದು ಮೊದಲು ಗುರುತಿಸಬೇಕು, ತಾಳಿಕೆ ಇಲ್ಲದ ಭಾಗಗಳನ್ನು ಆ ಜಾಗದ ಮಗ್ಗುಲಲ್ಲೇ ಉಳಿಸಿಕೊಂಡು, ಪಂಪನ್ನು ಅದರಾಚೆ ಇಡಬೇಕು.

ಹಿಂದೆ ಕೂರಿಸಿದ ಪಂಪು ಏನು ಮಾಡುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡಿ. 10 ಮೀಟರ್ ಎತ್ತರದ ನೀರು ಹಾಕುವ ಒತ್ತಡ ಸುಮಾರು 1 ಬಾರ್, ಅಂದರೆ ಚದರ ಸೆಂಟಿಮೀಟರಿಗೆ 1 ಕಿಲೋ. ಮನೆಗಳಿಗೆ ಹಾಕುವ ಅರ್ಧ ಎಚ್‌ಪಿಯ ಸಾಧಾರಣ ಪ್ರೆಶರ್ ಪಂಪು ಒಂದೂವರೆಯಿಂದ ಎರಡು ಬಾರ್ ಕೊಡುತ್ತದೆ. ಒಂದೂವರೆ ಬಾರ್ ಎಂದರೆ 15 ಮೀಟರ್ ನೀರಿನ ಕಂಬ. ಈ ಒತ್ತಡ ಸೋಲಾರ್ ಡ್ರಮ್ಮಿನಲ್ಲಿ ಬಂದರೆ ವೆಂಟ್ ಪೈಪಿನಲ್ಲಿ ನೀರು 15 ಮೀಟರ್ ಏರಲು ನೋಡುತ್ತದೆ. ನೀರು ಚೆಲ್ಲದಿರಬೇಕಾದರೆ ನಿಮ್ಮ ವೆಂಟ್ ಪೈಪು ತಾರಸಿಯ ಮೇಲೆ ಮತ್ತೆ ಐದು ಅಂತಸ್ತಿನಷ್ಟು ಎತ್ತರ ಇರಬೇಕಾಗುತ್ತದೆ! ಇರುವುದು ಆರೆಂಟು ಅಡಿ. ಹಾಗಾಗಿ ಪಂಪು ಚಾಲೂ ಆದಾಗಲೆಲ್ಲ ವೆಂಟ್‌ನಿಂದ ಬಿಸಿನೀರು ತಾರಸಿಗೆ ಸುರಿಯುತ್ತದೆ. ಮನೆಯವರು ಪ್ಲಂಬರ್‌ನನ್ನು ಕರೆಯುತ್ತಾರೆ. ಅವನು ಮೇಲೆ ಹತ್ತಿ ನೋಡಿ, ವೆಂಟ್‌ನ ಬಾಯಿಗೆ ಒಂದು ಎಂಡ್ ಕ್ಯಾಪ್ ಹಾಕಿ ಇಳಿಯುತ್ತಾನೆ. ನೀರು ನಿಲ್ಲುತ್ತದೆ. ಯಂತ್ರಕ್ಕೆ ಇದ್ದ ಒಂದೇ ಒಂದು ರಕ್ಷಣೆಯೂ ಅಲ್ಲಿಗೆ ಮುಗಿಯುತ್ತದೆ.

ಆಮೇಲೆ ಆಗುವುದನ್ನು ಗಾಜಿನ ಕೊಳವೆಯ ಬುಡದಲ್ಲಿ ಕೂತು ನೋಡಬೇಕು. ಈ ಕೊಳವೆಗಳನ್ನು ಡ್ರಮ್ಮಿಗೆ ಬೋಲ್ಟು ಹಾಕಿ ಬಿಗಿದಿರುವುದಿಲ್ಲ. ಡ್ರಮ್ಮಿನ ತೂತಿನಲ್ಲಿ ಒಂದು ಸಿಲಿಕಾನ್ ರಿಂಗು ಇರುತ್ತದೆ. ಕೊಳವೆಯ ಬಾಯಿಗೆ ಸೋಪಿನ ನೀರು ಹಚ್ಚಿ, ಕೈಯಲ್ಲೇ ತಿರುಗಿಸುತ್ತಾ ಒತ್ತಿ ಒಳಗೆ ಕೂರಿಸುತ್ತಾರೆ, ಇನ್ನೊಂದು ತುದಿಯನ್ನು ಕೆಳಗಿನ ಪ್ಲಾಸ್ಟಿಕ್ ಬಟ್ಟಲಿನಲ್ಲಿ ನಿಲ್ಲಿಸುತ್ತಾರೆ. 58 ಮಿಲಿಮೀಟರ್ ದಪ್ಪದ ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 26 ಚದರ ಸೆಂಟಿಮೀಟರ್. ಟಾಕಿಯ ಎತ್ತರದಿಂದಷ್ಟೇ ಒತ್ತಡ ಬರುತ್ತಿದ್ದು ಅದು 1 ಮೀಟರ್ ಎಂದಿಟ್ಟುಕೊಂಡರೆ ಒಂದೊಂದು ಕೊಳವೆಯನ್ನು ಹೊರಕ್ಕೆ ನೂಕುವ ಬಲ ಎರಡೂವರೆ ಕಿಲೋ ಚಿಲ್ಲರೆ. ಸಿಲಿಕಾನ್ ರಿಂಗಿನ ಹಿಡಿತಕ್ಕೆ ಅದು ಲೆಕ್ಕವೇ ಅಲ್ಲ. ಪಂಪಿನ ಒಂದೂವರೆ ಬಾರ್ ಬಂದರೆ ಅದೇ ಬಲ 40 ಕಿಲೋ ಆಗುತ್ತದೆ, ಒಂದು ಚೀಲ ಸಿಮೆಂಟಿಗೆ ಹತ್ತೇ ಕಿಲೋ ಕಡಿಮೆ. ಅದೂ ಒಂದೊಂದು ಕೊಳವೆಗೆ, ನಲ್ಲಿ ತಿರುಗಿಸಿದಾಗಲೆಲ್ಲ. ರಿಂಗು ಮೊದಲು ಜಿನುಗುತ್ತದೆ. ಜಿನುಗಿದ ನೀರು ಡ್ರಮ್ಮಿನ ಸುತ್ತಲಿನ ಪಫ್ ಪದರಕ್ಕೆ ಇಳಿದು ಬಿಸಿ ಹಿಡಿದಿಡುವ ಗುಣ ಹೋಗುತ್ತದೆ. ಒಂದು ದಿನ ಯಾವುದಾದರೂ ಒಂದು ಕೊಳವೆ ಜಾರಿ ಒಡೆಯುತ್ತದೆ. ದೂರು ಬರುವುದು ಸೋಲಾರ್ ಮಾಡಿದವರ ಮೇಲೆ. ತಪ್ಪು ಇದ್ದದ್ದು ಪಂಪಿನ ಜಾಗದಲ್ಲಿ.

ಮುಚ್ಚಿದ ವೆಂಟ್‌ನಿಂದ ಇನ್ನೊಂದು ಅಪಾಯವಿದೆ, ಅದು ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. ನಲ್ಲಿ ನೀರು ದಿನಾ ಬರುವ ಖಾತ್ರಿ ಇಲ್ಲದ, ಬೋರು ಮತ್ತು ಸಂಪನ್ನು ನೆಚ್ಚಿಕೊಂಡ ನಮ್ಮ ಊರುಗಳಲ್ಲಿ ಟಾಕಿ ಬರಿದಾಗುವುದು ಅಪರೂಪವೇನಲ್ಲ. ಟಾಕಿ ಬರಿದಾಗಿದೆ, ತಣ್ಣೀರಿನ ಪೈಪಿನ ವಾಲ್ವು ಯಾರೋ ಮುಚ್ಚಿದ್ದಾರೆ, ಕೆಳಗಿನ ಮನೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸುತ್ತಾರೆ ಎಂದುಕೊಳ್ಳಿ. ಎರಡಂತಸ್ತು ಕೆಳಗೆ ಇಳಿಯುವ 6 ಮೀಟರ್ ನೀರಿನ ಕಂಬ ಡ್ರಮ್ಮಿನಿಂದ ನೀರನ್ನು ಎಳೆಯುತ್ತದೆ. ಎಳೆದ ನೀರಿನ ಜಾಗಕ್ಕೆ ವೆಂಟ್‌ನಿಂದ ಗಾಳಿ ಬಂದರೆ ಏನೂ ಆಗುವುದಿಲ್ಲ. ವೆಂಟ್‌ಗೆ ಮುಚ್ಚಳ ಬಿದ್ದಿದ್ದರೆ ಒಳಗೆ ನಿರ್ವಾತ ಹುಟ್ಟಿ, ಹೊರಗಿನ ಗಾಳಿ ಡ್ರಮ್ಮನ್ನು ಒತ್ತುತ್ತದೆ. 6 ಮೀಟರಿನ ಎಳೆತ ಪೂರ್ತಿಯಾಗಿ ತಾಗಿದರೆ ಚದರ ಮೀಟರಿಗೆ 6 ಟನ್. ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲಿನ ಒಳಡ್ರಮ್ಮು ಅಷ್ಟೆಲ್ಲ ತಾಗುವ ಮೊದಲೇ ನೆಗ್ಗಿ ಒಳಕ್ಕೆ ಕುಸಿಯುತ್ತದೆ. ಒತ್ತಡದಿಂದ ಉಬ್ಬುವುದು, ನಿರ್ವಾತದಿಂದ ನೆಗ್ಗುವುದು, ಎರಡಕ್ಕೂ ಮದ್ದು ಅದೇ ಒಂದು ತೆರೆದ ಪೈಪು. ಅದನ್ನು ಮುಚ್ಚಬೇಕಾಗಿ ಬರುವ ಯಾವ ಜೋಡಣೆಯೂ ಸರಿಯಾದ ಜೋಡಣೆ ಅಲ್ಲ.

ಇನ್ನು ಪಂಪನ್ನು ಮುಂದೆ, ಬಿಸಿನೀರು ಇಳಿಯುವ ಪೈಪಿನಲ್ಲಿ, ಇಟ್ಟು ನೋಡೋಣ. ಈಗ ಡ್ರಮ್ಮು ಇರುವುದು ಪಂಪಿನ ಎಳೆಯುವ ಬದಿಯಲ್ಲಿ, ತೆರೆದ ಟಾಕಿಯ ಪಕ್ಕದಲ್ಲಿ. ಅದರ ಒತ್ತಡ ಟಾಕಿಯ ಎತ್ತರ ಎಷ್ಟೋ ಅಷ್ಟಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ಪಂಪು ಓಡುವಾಗ ಒಂದಿಷ್ಟು ಇಳಿಯಬಹುದು, ಅಷ್ಟೇ. ಪಂಪಿನ ಬಲವೆಲ್ಲ ಪಂಪಿನಿಂದ ಆಚೆಗಿನ ಪೈಪು, ನಲ್ಲಿ, ಶವರಿನ ಮೇಲೆ ಬೀಳುತ್ತದೆ. ಅವು ಅದನ್ನು ತಾಳಲೆಂದೇ ಮಾಡಿದಂಥವು. ಆದರೆ ಈ ಜೋಡಣೆಗೆ ಪ್ಲಂಬರ್‌ಗಳು ಒಂದು ಆಕ್ಷೇಪ ಎತ್ತುತ್ತಾರೆ, ಅದು ಕೇಳಲೇಬೇಕಾದ ಆಕ್ಷೇಪ: ಮುಂದೆ ಇಟ್ಟರೆ ಪಂಪು ಗಾಳಿ ಹಿಡಿಯುತ್ತದೆ. ನಿಜ, ಹಿಡಿಯುತ್ತದೆ. ಯಾಕೆ ಹಿಡಿಯುತ್ತದೆ ಎಂದರೆ ಟಾಕಿಯಿಂದ ಸೋಲಾರ್‌ಗೆ ಬರುವ ತಣ್ಣೀರಿನ ಪೈಪು ಸಣ್ಣದಾಗಿದ್ದಾಗ ಪಂಪು ಎಳೆದಷ್ಟು ನೀರು ಬರುವುದಿಲ್ಲ, ಕೊರತೆಯನ್ನು ವೆಂಟ್‌ನ ಗಾಳಿ ತುಂಬುತ್ತದೆ. ನಿಮಿಷಕ್ಕೆ 20 ಲೀಟರ್ ಹರಿಯುವಾಗ 10 ಮೀಟರ್ ಉದ್ದದ ಒಂದಿಂಚು ಪೈಪಿನಲ್ಲಿ ತಿಕ್ಕಾಟಕ್ಕೆ ಹೋಗುವುದು 25–30 ಸೆಂಟಿಮೀಟರಿನಷ್ಟು ಎತ್ತರ. ಅದೇ ಅರ್ಧ ಇಂಚಿನ ಪೈಪಾದರೆ ಸುಮಾರು 3 ಮೀಟರ್! ಟಾಕಿಗೂ ಡ್ರಮ್ಮಿಗೂ ಇರುವ ಎತ್ತರದ ವ್ಯತ್ಯಾಸವೇ ಒಂದು ಮೀಟರ್ ಆಸುಪಾಸು ಇರುವಾಗ 3 ಮೀಟರನ್ನು ಎಲ್ಲಿಂದ ತರುವುದು? ಹಾಗಾಗಿ ಗಾಳಿ ಹಿಡಿಯುವುದಕ್ಕೆ ಪರಿಹಾರ ಪಂಪನ್ನು ಹಿಂದಕ್ಕೆ ಸರಿಸುವುದಲ್ಲ. ಟಾಕಿಯಿಂದ ಸೋಲಾರ್‌ಗೆ ಒಂದಿಂಚಿಗೆ ಕಡಿಮೆ ಇಲ್ಲದ, ನಡುವೆ ಇನ್ನಾವ ನಲ್ಲಿಗೂ ಕವಲು ಕೊಡದ, ಎಲ್ಬೋಗಳು ಕಡಿಮೆ ಇರುವ ಪ್ರತ್ಯೇಕ ಪೈಪು ಎಳೆಯುವುದು ಪರಿಹಾರ. ಪಂಪನ್ನೂ ತಾರಸಿಯಲ್ಲಿ ಡ್ರಮ್ಮಿನ ಮಟ್ಟದಲ್ಲಿ ಇಡದೆ ಒಂದಂತಸ್ತು ಕೆಳಗೆ, ನೆರಳಿನಲ್ಲಿ ಇಟ್ಟರೆ ಅದರ ಬಾಯಿಗೆ ನೀರು ತುಂಬಿ ನಿಲ್ಲುತ್ತದೆ. ಬಿಸಿನೀರಿಗೆಂದೇ ತಯಾರಾದ ಪಂಪೇ ಬೇಕು, ಇದರಲ್ಲಿ ರಾಜಿ ಸಲ್ಲದು. ತಣ್ಣೀರಿನ ಪಂಪಿನ ಸೀಲು 80 ಡಿಗ್ರಿ ನೀರಿಗೆ ಬಾಳುವುದಿಲ್ಲ.

ಅರ್ಧ ಖರ್ಚಿನಲ್ಲಿ ಮುಗಿಸಲು ತಣ್ಣೀರಿನ ಲೈನಿಗೆ ಮಾತ್ರ ಪಂಪು ಹಾಕಿ, ಬಿಸಿನೀರನ್ನು ಅದರ ಪಾಡಿಗೆ ಬಿಡುವವರೂ ಇದ್ದಾರೆ. ಇದು ಇನ್ನೊಂದು ಬಗೆಯ ತಲೆನೋವು. ಬಚ್ಚಲಿನ ಮಿಕ್ಸರ್‌ನಲ್ಲಿ ಎರಡೂ ನೀರು ಕೂಡುತ್ತವೆ. ಎರಡೂ ಬದಿ ತೆರೆದು ಶವರಿನ ಬಾಯಿ ಮುಚ್ಚಿದರೆ, ಇಲ್ಲವೇ ಬಂದಷ್ಟು ನೀರು ಶವರಿನಿಂದ ಹೊರಹೋಗದಿದ್ದರೆ, ಬಲವಾದ ತಣ್ಣೀರು ದುರ್ಬಲ ಬಿಸಿನೀರನ್ನು ಹಿಮ್ಮೆಟ್ಟಿಸಿ ಅದೇ ಪೈಪಿನಲ್ಲಿ ಮೇಲೆ ಹತ್ತಿ ಡ್ರಮ್ಮಿಗೆ ನುಗ್ಗುತ್ತದೆ. ಕಾದ ನೀರು ತಣ್ಣಗಾಗುತ್ತದೆ, ವೆಂಟ್‌ನಿಂದ ನೀರು ಚೆಲ್ಲುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಪಂಪನ್ನು ಹಿಂದೆ ಇಟ್ಟ ತಪ್ಪೇ ಇಲ್ಲಿ ಬಚ್ಚಲಿನ ಗೋಡೆಯೊಳಗೆ ಅಡಗಿ ನಡೆಯುತ್ತಿರುತ್ತದೆ. ಆದ್ದರಿಂದ ಪಂಪು ಹಾಕುವುದಾದರೆ ಎರಡೂ ಲೈನಿಗೆ ಹೆಚ್ಚುಕಡಿಮೆ ಸಮನಾದ ಬಲ ಸಿಗುವಂತೆ ಹಾಕಬೇಕು, ಜೊತೆಗೆ ಬಿಸಿನೀರಿನ ಲೈನಿಗೆ ಎನ್‌ಆರ್‌ವಿ ಇರಬೇಕು.

ಇದಕ್ಕೆ ಬರುವ ಮರುಮಾತುಗಳಲ್ಲಿ ಮೊದಲನೆಯದು, ಎಷ್ಟೋ ಮನೆಯಲ್ಲಿ ಹಿಂದೆಯೇ ಕೂರಿಸಿದ್ದಾರೆ, ಏನೂ ಆಗಿಲ್ಲ ಎಂಬುದು. ಏನೂ ಆಗಿಲ್ಲ ಎಂದು ಹೇಳುವ ಮನೆಗಳಲ್ಲಿ ಕೆಲವಕ್ಕೆ ವೆಂಟ್ ಇನ್ನೂ ತೆರೆದಿರುತ್ತದೆ, ತಾರಸಿಯಲ್ಲಿ ಚೆಲ್ಲುವ ನೀರನ್ನು ಯಾರೂ ಗಮನಿಸಿರುವುದಿಲ್ಲ. ಕೆಲವಲ್ಲಿ ರಿಂಗು ಹೊಸದಾಗಿದೆ, ಇನ್ನೂ ಮೆತ್ತಗಿದೆ. ಸಿಲಿಕಾನ್ ಬಿಸಿಲು-ಬಿಸಿನೀರಿನ ನಡುವೆ ವರ್ಷಗಟ್ಟಲೆ ಇದ್ದು ಗಡುಸಾದ ಮೇಲೆ ತಾಳುವ ಶಕ್ತಿ ಅದೇ ಇರುವುದಿಲ್ಲ. ತಡವಾಗಿ ಬರುವ ಕೇಡು ಬರದ ಕೇಡಲ್ಲ. ಎರಡನೆಯದು ಹೆಚ್ಚು ಗಟ್ಟಿಯಾದ ಮಾತು: ಗೀಸರ್‌ಗೆ ಪಂಪಿನ ಒತ್ತಡ ಕೊಡಬಹುದಾದರೆ ಸೋಲಾರ್‌ಗೆ ಯಾಕಾಗದು? ಗೀಸರಿನ ಒಳಡ್ರಮ್ಮು ಮುಚ್ಚಿದ ಪಾತ್ರೆ. ಬಹುಮಹಡಿ ಕಟ್ಟಡಕ್ಕೂ ಹೊಂದುವಂತೆ 8 ಬಾರ್ ಒತ್ತಡಕ್ಕೆ ಲೆಕ್ಕ ಹಾಕಿ ಮಾಡಿದ ಗೀಸರ್‌ಗಳು ಅಂಗಡಿಯಲ್ಲಿ ಸಿಗುತ್ತವೆ, ತಗಡಿನ ಮೇಲಿನ ಬರಹದಲ್ಲೇ ಅದನ್ನು ಓದಬಹುದು. ಅದರಲ್ಲಿ ನೀರು ಹಿಗ್ಗಿದಾಗ ತೊಟ್ಟಿಕ್ಕಲು ಸೇಫ್ಟಿ ವಾಲ್ವು ಇರುತ್ತದೆ. ನೀರು ಕಾಯುವಾಗ ಅಲ್ಲಿ ನಾಲ್ಕು ಹನಿ ಬಿದ್ದರೆ ಅದು ಕೆಟ್ಟಿದೆ ಎಂದಲ್ಲ, ತನ್ನ ಕೆಲಸ ಮಾಡುತ್ತಿದೆ ಎಂದು. ಎರಡೂ ನೀರು ಕಾಯಿಸುತ್ತವೆ ಎಂದಮಾತ್ರಕ್ಕೆ ಒಂದರ ನಿಯಮ ಇನ್ನೊಂದಕ್ಕೆ ಹೊಂದಬೇಕಿಲ್ಲ.

ಪಂಪೇ ಇಲ್ಲದೆಯೂ ವೆಂಟ್‌ನಿಂದ ನೀರು ಹರಿಯುತ್ತದಲ್ಲ ಎಂದು ಕೇಳುವವರಿಗೆ: ಟಾಕಿ ತುಂಬಿದಾಗ ಅದರ ನೀರಿನ ಮಟ್ಟ ಎಲ್ಲಿಗೆ ಬರುತ್ತದೋ ಅದಕ್ಕಿಂತ ವೆಂಟ್‌ನ ಬಾಯಿ ಕನಿಷ್ಠ ಒಂದಡಿ ಮೇಲಿರಬೇಕು. ಬಿಸಿನೀರು ಹಗುರಾದ್ದರಿಂದ ವೆಂಟ್‌ನೊಳಗೆ ಅದು ಟಾಕಿಯ ಮಟ್ಟಕ್ಕಿಂತ ಒಂದೆರಡು ಇಂಚು ಮೇಲೆಯೇ ನಿಲ್ಲುತ್ತದೆ. ಆಮೇಲೆ ಯಾವತ್ತೋ ಟಾಕಿ ಬದಲಿಸಿ ಎತ್ತರದ ಟಾಕಿ ಕೂರಿಸಿ ವೆಂಟನ್ನು ಹಾಗೇ ಬಿಟ್ಟರೆ ಹರಿಯದೆ ಇನ್ನೇನಾಗುತ್ತದೆ. ಒಂದು ತುಂಡು ಪೈಪು ಸೇರಿಸಿದರೆ ಮುಗಿಯುವ ಕೆಲಸಕ್ಕೆ ಮುಚ್ಚಳ ಹಾಕಬಾರದು.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಹೆಚ್ಚು ಮುಖ್ಯವೆನಿಸುವುದು ಪಂಪು ಬೇಕೇ ಎಂಬ ಪ್ರಶ್ನೆ. ನಮ್ಮ ಕಡೆಯ ಬೋರಿನ ನೀರು ಬಹಳ ಕಡೆ ಗಡುಸು. ಅದು ಕಾದಾಗ ಸುಣ್ಣ ಬಿಡುತ್ತದೆ. ಆ ಸುಣ್ಣ ಶವರಿನ ತೂತು, ನಲ್ಲಿಯ ಬಾಯಿಯ ಜಾಲರಿ, ಬಿಸಿನೀರಿನ ಪೈಪಿನ ತಿರುವುಗಳಲ್ಲಿ ಕಟ್ಟುತ್ತದೆ. ತಣ್ಣೀರು ಜೋರಾಗಿ ಬಂದು ಬಿಸಿನೀರು ಮಾತ್ರ ಸೊರಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನು. ಜಾಲರಿ ಬಿಚ್ಚಿ, ರಾತ್ರಿ ವಿನೆಗರಿನಲ್ಲೋ ನಿಂಬೆರಸದಲ್ಲೋ ನೆನೆಹಾಕಿ ತೊಳೆದು ಹಾಕಿದ ಮೇಲೆ ನೀರು ಹೇಗೆ ಬರುತ್ತದೆ ನೋಡಿ. ಆಮೇಲೆ ಪೈಪಿನ ಅಳತೆ: ತಾರಸಿಯಿಂದ ಕೆಳಗಿಳಿಯುವ ಬಿಸಿನೀರಿನ ಪೈಪು ಬಚ್ಚಲಿನ ತನಕ ಮುಕ್ಕಾಲು ಇಂಚಿಗೆ ಕಡಿಮೆ ಇರಬಾರದು, ಅರ್ಧ ಇಂಚು ಏನಿದ್ದರೂ ಕೊನೆಯ ಗಜಕ್ಕೆ ಸಾಕು. ಆಮೇಲೆ ಎತ್ತರ: ಟಾಕಿಯ ತಳ ತಾರಸಿಯಿಂದ 2 ಮೀಟರ್ ಮೇಲಿದ್ದರೆ ಒಂದಂತಸ್ತಿನ ಮನೆಯ ಶವರಿಗೆ ಸಿಗುವುದು ಸುಮಾರು 3 ಮೀಟರ್ ಎತ್ತರದ ಒತ್ತಡ. ಸಾದಾ ಶವರಿಗೆ, ಬಕೆಟ್ಟಿನ ಸ್ನಾನಕ್ಕೆ ಇಷ್ಟು ಧಾರಾಳ ಸಾಕು. ಸಾಲದಿರುವುದು ತಟ್ಟೆಯಗಲದ ಮಳೆ-ಶವರಿಗೆ. ಟಾಕಿಯನ್ನು ಇನ್ನೊಂದು ಮೀಟರ್ ಎತ್ತರಿಸಿದರೆ ಒತ್ತಡ ಮೂರರಲ್ಲೊಂದು ಪಾಲು ಹೆಚ್ಚುತ್ತದೆ, ಕರೆಂಟಿನ ಹಂಗಿಲ್ಲದೆ. ಸ್ಲ್ಯಾಬ್ ಹಾಕುವ ಮುಂಚೆಯೇ ಗೌಂಡಿಗೂ ಎಂಜಿನಿಯರಿಗೂ ಇದನ್ನು ಹೇಳಬೇಕು. 1000 ಲೀಟರಿನ ಟಾಕಿ ತುಂಬಿದರೆ ಒಂದು ಟನ್ ಮೀರುವುದರಿಂದ ಅದರ ಕಟ್ಟೆ ಪಿಲ್ಲರುಗಳ ನೇರಕ್ಕೇ ಬರಬೇಕು. ಎತ್ತರಿಸುವಾಗ ಸೋಲಾರ್ ತಯಾರಕರು ಹೇಳಿದ ಮಿತಿ ದಾಟಬಾರದು, ವೆಂಟೂ ಅಷ್ಟೇ ಮೇಲೇರಬೇಕು.

ಪಂಪಿಲ್ಲದ ದಾರಿಯನ್ನು ಮೊದಲು ನೋಡಿ ಎನ್ನುವುದಕ್ಕೆ ಇನ್ನೊಂದು ಕಾರಣ ಕರೆಂಟು. ಸೋಲಾರ್‌ನ ದೊಡ್ಡ ಗುಣವೇ ಲೈನು ಹೋದರೂ ಬೆಳಿಗ್ಗೆ ಬಿಸಿನೀರು ಇರುವುದು. ಆ ನೀರು ಪಂಪಿನ ಹೊಟ್ಟೆಯ ಮೂಲಕವೇ ಬರಬೇಕೆಂದಾದರೆ ಲೈನು ಹೋದಾಗ ಸಣ್ಣಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಪಂಪು ಹಾಕಿಸುವವರು ಅದರ ಮಗ್ಗುಲಲ್ಲಿ ಎನ್‌ಆರ್‌ವಿ ಇರುವ ಒಂದು ಬೈಪಾಸ್ ಪೈಪು ಹಾಕಿಸಿಕೊಳ್ಳಬೇಕು. ಪಂಪು ನಿಂತಾಗ ನೀರು ಅದರಲ್ಲಿ ತಾನಾಗಿ ಇಳಿಯುತ್ತದೆ, ಪಂಪು ಓಡುವಾಗ ಎನ್‌ಆರ್‌ವಿ ಮುಚ್ಚಿಕೊಳ್ಳುತ್ತದೆ.

ಮೂರ್ನಾಲ್ಕು ಅಂತಸ್ತಿನ ಕಟ್ಟಡ, ಮೆಣಸಿನಕಾಯಿ ಸುಗ್ಗಿಯಲ್ಲಿ ತುಂಬಿ ತುಳುಕುವ ಬ್ಯಾಡಗಿಯ ವಸತಿಗೃಹ, ಇಂಥ ಕಡೆ ಎಲ್ಲ ಬಚ್ಚಲುಗಳಿಗೂ ಒಂದೇ ಸಲ ಬೀಸು ಬೇಕು. ಅಲ್ಲಿ ತೆರೆದ ಸೋಲಾರ್‌ಗೆ ತೇಪೆ ಹಾಕುವ ಬದಲು ಒತ್ತಡಕ್ಕೆಂದೇ ಮಾಡಿದ ಸೋಲಾರ್ ಹಾಕಿಸುವುದೇ ಸರಿ, ದುಡ್ಡು ಹೆಚ್ಚಾದರೂ ಸರಿ. ಅದರ ಡ್ರಮ್ಮು ದಪ್ಪ, ಗಾಜಿನ ಕೊಳವೆಯೊಳಗೆ ಮನೆಬಳಕೆಯ ನೀರು ಹೋಗುವುದಿಲ್ಲ. ಅದರಲ್ಲಿ ಪಂಪು ಹಿಂದೆಯೇ ಇರುತ್ತದೆ, ಇರಬಹುದು. ಆದರೆ ಆಗ ತೆರೆದ ಟಾಕಿ ಮಾಡುತ್ತಿದ್ದ ಕೆಲಸಕ್ಕೆ ಚಳಿದೇಶಗಳವರ ಹಾಗೆ ಎಕ್ಸ್‌ಪ್ಯಾನ್ಶನ್ ಟ್ಯಾಂಕು ಮತ್ತು ಸೇಫ್ಟಿ ವಾಲ್ವು ಬೇಕು. ಆ ಟ್ಯಾಂಕಿನ ಜಾಗ ತಣ್ಣೀರಿನ ಪೈಪಿನಲ್ಲಿ, ಎನ್‌ಆರ್‌ವಿ ದಾಟಿದ ಮೇಲೆ, ಡ್ರಮ್ಮಿಗೆ ಮುಂಚೆ. ಎನ್‌ಆರ್‌ವಿಗೆ ಮೊದಲೇ ಇಟ್ಟರೆ ಹಿಗ್ಗಿದ ನೀರು ಅಲ್ಲಿಗೆ ತಲುಪುವುದೇ ಇಲ್ಲ. ಬಿಸಿನೀರಿನ ಬದಿಗೆ ಇಟ್ಟರೆ ಒಳಗಿನ ರಬ್ಬರು ಬೇಗ ಸಾಯುತ್ತದೆ. ಟ್ಯಾಂಕಿಗೂ ಡ್ರಮ್ಮಿಗೂ ನಡುವೆ ಯಾರೂ ಮುಚ್ಚಬಹುದಾದ ವಾಲ್ವು ಇರಕೂಡದು. ಅಳತೆಗೆ ಒಂದು ಉದಾಹರಣೆ ಕೊಡುತ್ತೇನೆ: 200 ಲೀಟರ್ ನೀರು 5 ಲೀಟರ್ ಹಿಗ್ಗುತ್ತದೆ, ಟ್ಯಾಂಕಿನ ಗಾಳಿ 2 ಬಾರ್‌ಗೆ ತುಂಬಿದೆ, 4 ಬಾರ್ ಮೀರಬಾರದು ಎಂದಾದರೆ ಟ್ಯಾಂಕು ತನ್ನ ಗಾತ್ರದ ನೂರಕ್ಕೆ 40 ಪಾಲು ನೀರನ್ನಷ್ಟೇ ಒಳಗೆ ತೆಗೆದುಕೊಳ್ಳುತ್ತದೆ, ಅಂದರೆ ಹನ್ನೆರಡೂವರೆ ಲೀಟರಿಗೆ ಕಡಿಮೆಯದು ಸಾಲದು. 5 ಲೀಟರ್ ಹಿಗ್ಗುತ್ತದೆಂದು 5 ಲೀಟರಿನ ಟ್ಯಾಂಕು ತಂದರೆ ಸೇಫ್ಟಿ ವಾಲ್ವು ದಿನಾ ಮಧ್ಯಾಹ್ನ ಸುರಿಯುತ್ತದೆ. ಟ್ಯಾಂಕಿನ ನೆತ್ತಿಯಲ್ಲಿ ಸಣ್ಣ ಮುಚ್ಚಳದಡಿ ಸ್ಕೂಟರಿನ ಟೈರಿಗಿರುವಂಥದ್ದೇ ವಾಲ್ವು ಇರುತ್ತದೆ. ವರ್ಷಕ್ಕೊಮ್ಮೆ ನೀರಿನ ಒತ್ತಡ ಪೂರ್ತಿ ಇಳಿಸಿ, ಟೈರಿನ ಗಾಳಿ ನೋಡುವ ಗೇಜಿನಿಂದಲೇ ಅದನ್ನು ಅಳೆಯಬಹುದು, ಇಳಿದಿದ್ದರೆ ಸೈಕಲ್ ಪಂಪಿನಲ್ಲೇ ತುಂಬಬಹುದು. ವಾಲ್ವಿನ ಪಿನ್ನು ಒತ್ತಿದಾಗ ಗಾಳಿಯ ಬದಲು ನೀರು ಚಿಮ್ಮಿದರೆ ಒಳಗಿನ ರಬ್ಬರು ಹರಿದಿದೆ. ಅದನ್ನೋ ಇಡೀ ಟ್ಯಾಂಕನ್ನೋ ಬದಲಿಸುವ ತನಕ ಆ ಸೋಲಾರ್‌ಗೆ ಪಂಪಿನ ಒತ್ತಡ ಕೊಡಬಾರದು.